ಮೇನ್‌ಫ್ರೇಮ್ ಬ್ಯಾಕಪ್ ಸರ್ವರ್‌ಗೆ ಟೇಪ್ ಡ್ರೈವ್‌ಗಳನ್ನು ಜೋಡಿಸುವ ಕ್ರಮ: ಚಾನೆಲ್‌ನಿಂದ ಮೊದಲ ಮರುಪಡೆಯುವಿಕೆಯವರೆಗೆ

ಟೇಪ್ ಜೋಡಣೆಯಲ್ಲಿ ಎಡವಿದವರು ಸಹಾಯ ಕೇಳಿ ಬರೆಯುವ ಪತ್ರಗಳ ಸಾರ ಬಹುತೇಕ ಒಂದೇ ಆಗಿರುತ್ತದೆ: ಶುಕ್ರವಾರ ಸಂಜೆ ನಾಲ್ಕೂ ಡ್ರೈವ್‌ಗಳು ಸರಿಯಾಗಿದ್ದವು, ಭಾನುವಾರ ಸರ್ವರ್ ಮರುಚಾಲನೆಗೊಂಡ ಮೇಲೆ ಎರಡು ಡ್ರೈವ್‌ಗಳು ತೆರೆಯುತ್ತಲೇ ಇಲ್ಲ. ಕೇಬಲ್, ಸ್ವಿಚ್, ಡ್ರೈವ್ ಎಲ್ಲವೂ ಸರಿಯಾಗಿಯೇ ಇರುತ್ತವೆ. ಕಾರಣವೆಂದರೆ, ಲಿನಕ್ಸ್ ಕರ್ನಲ್ ತಾನು ಕಂಡ ಕ್ರಮದಲ್ಲಿ ಕೊಟ್ಟ ತಾತ್ಕಾಲಿಕ ಹೆಸರನ್ನೇ ಬ್ಯಾಕಪ್ ಸರ್ವರ್‌ನಲ್ಲಿ ಶಾಶ್ವತವೆಂಬಂತೆ ನಮೂದಿಸಲಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯುದ್ದಕ್ಕೂ ಒಂದೇ ನಿಯಮವನ್ನು ಪಾಲಿಸಲಾಗಿದೆ: ಕೆಳಗಿನ ಪದರದಿಂದ ಮೇಲಕ್ಕೆ ಬರಬೇಕು, ಮತ್ತು ಪ್ರತಿ ಪದರದಲ್ಲಿಯೂ ಡ್ರೈವನ್ನು ಅದರ ಸೀರಿಯಲ್ ಸಂಖ್ಯೆಯಿಂದ ಮಾತ್ರ ಗುರುತಿಸಬೇಕು.

ಇಲ್ಲಿ ಎತ್ತಿಕೊಂಡಿರುವುದು ಐಬಿಎಂ ಝಡ್ ಮೇನ್‌ಫ್ರೇಮ್ ಯಂತ್ರದ ಒಂದು ಎಲ್‌ಪಾರ್‌ನಲ್ಲಿ (ಯಂತ್ರವನ್ನು ಹಂಚಿ ಮಾಡಿದ ಸ್ವತಂತ್ರ ಭಾಗದಲ್ಲಿ), ಇಲ್ಲವೇ ಝಡ್/ವಿಎಂ ಎಂಬ ವ್ಯವಸ್ಥೆಯ ಅಡಿಯ ಒಂದು ಗೆಸ್ಟ್‌ನಲ್ಲಿ (ವರ್ಚುವಲ್ ಯಂತ್ರದಲ್ಲಿ), ಲಿನಕ್ಸ್ ಮೇಲೆ ನಡೆಯುವ ಸ್ಟೋರೇಜ್ ಪ್ರೊಟೆಕ್ಟ್ ಎಂಬ ಐಬಿಎಂನ ಬ್ಯಾಕಪ್ ಸರ್ವರ್. ಹಳಬರು ಇದನ್ನು ಇಂದಿಗೂ ಟಿಎಸ್‌ಎಂ ಎಂದೇ ಕರೆಯುತ್ತಾರೆ. ಟೇಪ್ ಲೈಬ್ರರಿಯು (ಸ್ಲಾಟ್‌ಗಳಲ್ಲಿಟ್ಟ ಟೇಪ್‌ಗಳನ್ನು ರೋಬೋಟ್ ಎತ್ತಿ ಡ್ರೈವ್‌ಗೆ ಇಡುವ ಯಂತ್ರ) ಎಲ್‌ಟಿಒ ಎಂಬ ಟೇಪ್ ಮಾದರಿಯ ಡ್ರೈವ್‌ಗಳದ್ದಾಗಿದ್ದು, ಫೈಬರ್ ಚಾನೆಲ್ ಸ್ವಿಚ್ ಮೂಲಕ ಎಫ್‌ಸಿಪಿ ವಿಧಾನದಲ್ಲಿ (ಫೈಬರ್ ಚಾನೆಲ್ ಮೇಲೆ ಸ್ಕಸಿ ಆಜ್ಞೆಗಳನ್ನು ಸಾಗಿಸುವ ವಿಧಾನ) ಸೇರಿರುತ್ತದೆ. ಮೇನ್‌ಫ್ರೇಮ್‌ನ ಸ್ವಂತ ಕಾರ್ಯವ್ಯವಸ್ಥೆಯಾದ ಝಡ್/ಓಎಸ್‌ಗೆ ಫೈಕಾನ್ ಎಂಬ ಚಾನೆಲ್ ವಿಧಾನದ ಮೂಲಕ ಸೇರುವ ಟೇಪ್‌ಗಳ ದಾರಿ ಬೇರೆ; ಅದನ್ನು ಇದರೊಂದಿಗೆ ಬೆರೆಸಬಾರದು. ಆಜ್ಞೆಗಳ ಹೆಸರನ್ನು ಓದುವ ಧ್ವನಿಯಂತೆ ಬರೆದಿದ್ದೇನೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಲಿನಕ್ಸ್‌ನ ರೂಟ್ ಪ್ರವೇಶ, ಬ್ಯಾಕಪ್ ಸರ್ವರ್ ಯಾರ ಹೆಸರಿನಲ್ಲಿ ನಡೆಯುತ್ತದೋ ಆ ಇನ್‌ಸ್ಟನ್ಸ್ ಬಳಕೆದಾರನ ಪ್ರವೇಶ, ಸರ್ವರ್‌ನ ಸಿಸ್ಟಮ್ ಅಧಿಕಾರವುಳ್ಳ ನಿರ್ವಾಹಕ ಖಾತೆ ಮತ್ತು ಟೇಪ್ ಲೈಬ್ರರಿಯ ವೆಬ್ ಪುಟದ ಪ್ರವೇಶ ನಿಮ್ಮ ಬಳಿಯೇ ಇರಬೇಕು. ಹಾರ್ಡ್‌ವೇರ್ ಕನ್ಸೋಲ್ ನೋಡಿಕೊಳ್ಳುವವರು ಮತ್ತು ಫೈಬರ್ ಸ್ವಿಚ್ ನೋಡಿಕೊಳ್ಳುವವರು ಬೇರೆ ತಂಡದವರಾಗಿದ್ದರೆ, ಅವರ ಸಮಯವನ್ನು ಒಂದೇ ದಿನಕ್ಕೆ ಗೊತ್ತುಮಾಡಿಕೊಳ್ಳುವುದು ಉತ್ತಮ. ಒಬ್ಬರು ಸೋಮವಾರ, ಇನ್ನೊಬ್ಬರು ಗುರುವಾರ ಬಂದರೆ ಯಾವ ಬದಲಾವಣೆಯಿಂದ ಏನು ಕೆಟ್ಟಿತೆಂದು ತಿಳಿಯುವುದಿಲ್ಲ.

ತಂತ್ರಾಂಶದ ಕಡೆಯಿಂದ ನಿಮ್ಮ ಲಿನಕ್ಸ್ ವಿತರಣೆಗೆ ಹೊಂದುವ ಲಿನ್‌ಟೇಪ್ ಎಂಬ ಐಬಿಎಂ ಟೇಪ್ ಡ್ರೈವರ್‌ನ ಮೂಲ ಪೊಟ್ಟಣ, ಈಗ ನಡೆಯುತ್ತಿರುವ ಕರ್ನಲ್‌ನದೇ ಆವೃತ್ತಿಯ ಅಭಿವೃದ್ಧಿ ಪೊಟ್ಟಣ, ಸಿ ಕಂಪೈಲರ್, ಐಬಿಎಂನ ಐಟಿಡಿಟಿ ಪರೀಕ್ಷಾ ಸಾಧನ ಮತ್ತು ಮೇನ್‌ಫ್ರೇಮ್ ಲಿನಕ್ಸ್‌ನ ಉಪಕರಣಗಳಾದ ಎಸ್‌390 ಟೂಲ್ಸ್ ಬೇಕು. ಡೇಟಾ ಬರೆಯುವ ಕಾರ್ಟ್ರಿಡ್ಜ್‌ಗಳ ಜೊತೆಗೆ ಕನಿಷ್ಠ ಒಂದು ಕ್ಲೀನಿಂಗ್ ಕಾರ್ಟ್ರಿಡ್ಜ್ ಕೂಡ ಇರಬೇಕು. ಹೊರಗಿನಿಂದ ತಂದ ಕಾರ್ಟ್ರಿಡ್ಜ್‌ಗಳನ್ನು ಯಂತ್ರಕೋಣೆಯ ಹವೆಗೆ ಹೊಂದಿಕೊಳ್ಳಲು 24 ಗಂಟೆ ಬಿಟ್ಟು ಆಮೇಲೆ ಬಳಸಬೇಕು; ಮಳೆಗಾಲದಲ್ಲಿ ವಾಹನದಿಂದಿಳಿಸಿ ನೇರವಾಗಿ ಲೈಬ್ರರಿಗೆ ಹಾಕಿದ ಟೇಪ್‌ನ ಮೇಲೆ ತೇವ ಕೂರುವ ಸಂಭವವಿದೆ.

ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕೋಷ್ಟಕ ಬೇಕು. ಅದರ ಪ್ರತಿ ಸಾಲು ಒಂದು ಡ್ರೈವ್‌ನದು. ಲೈಬ್ರರಿಯೊಳಗೆ ಡ್ರೈವ್ ಇರುವ ಸ್ಥಾನ, ಸೀರಿಯಲ್ ಸಂಖ್ಯೆ, ಡಬ್ಲ್ಯುಡಬ್ಲ್ಯುಪಿಎನ್ ಎಂಬ ಪೋರ್ಟ್ ವಿಳಾಸ, ಎಲಿಮೆಂಟ್ ಸಂಖ್ಯೆ (ರೋಬೋಟ್ ಆ ಸ್ಥಾನವನ್ನು ಗುರುತಿಸುವ ಸಂಖ್ಯೆ), ಅದನ್ನು ತಲುಪುವ ಎಫ್‌ಸಿಪಿ ಸಾಧನ, ಲಿನಕ್ಸ್‌ನ ಸ್ಥಿರ ಹೆಸರು, ಬ್ಯಾಕಪ್ ಸರ್ವರ್‌ನಲ್ಲಿ ಕೊಟ್ಟ ಹೆಸರು ಎಂಬ ಏಳು ಅಂಕಣಗಳನ್ನು ಅದರಲ್ಲಿ ಹಾಕಿಕೊಳ್ಳಿ. ಮೊದಲ ನಾಲ್ಕು ಅಂಕಣಗಳನ್ನು ಲೈಬ್ರರಿಯ ವೆಬ್ ಪುಟದಿಂದಲೇ ತುಂಬಬೇಕು, ಡ್ರೈವ್‌ನ ಬೆನ್ನಿಗೆ ಅಂಟಿಸಿದ ಚೀಟಿಯಿಂದಲ್ಲ. ಕೆಲವು ದೊಡ್ಡ ಲೈಬ್ರರಿಗಳು ಚೀಟಿಯ ಸಂಖ್ಯೆಯನ್ನು ಬಿಟ್ಟು, ಆ ಸ್ಥಾನಕ್ಕೆ ಸೇರಿದ ಸಂಖ್ಯೆಯನ್ನು ಹೊರಗೆ ವರದಿ ಮಾಡುತ್ತವೆ. ಬೆಂಗಳೂರಿನಲ್ಲಿ ಕುಳಿತು ಬೇರೆ ಖಂಡದ ಯಂತ್ರಕೋಣೆಯನ್ನು ನೋಡಿಕೊಳ್ಳುವವರು, ಅಲ್ಲಿನ ಸಹಾಯಕರು ಫೋನಿನಲ್ಲಿ ಓದಿ ಹೇಳಿದ ಸಂಖ್ಯೆಯನ್ನು ನಂಬಿ ಗಂಟೆಗಟ್ಟಲೆ ಹುಡುಕಾಡುವುದು ಇದೇ ಕಾರಣಕ್ಕೆ.

ಹಂತ 1: ಲೈಬ್ರರಿಯ ಒಳಗಿನ ಹೊಂದಾಣಿಕೆ

ಲೈಬ್ರರಿಯನ್ನು ಬೇರೆ ಸರ್ವರ್‌ಗಳೂ ಬಳಸುತ್ತಿದ್ದರೆ, ಮೊದಲು ನಿಮ್ಮ ಪಾಲಿನ ಲಾಜಿಕಲ್ ಲೈಬ್ರರಿಯನ್ನು ಪ್ರತ್ಯೇಕಿಸಿ, ನಿಮ್ಮ ಡ್ರೈವ್‌ಗಳು ಮತ್ತು ಸ್ಲಾಟ್‌ಗಳನ್ನು ಅದಕ್ಕೆ ಸೇರಿಸಿ. ರೋಬೋಟ್‌ಗೆ ಆಜ್ಞೆ ತಲುಪಿಸುವ ಕಂಟ್ರೋಲ್ ಪಾತನ್ನು ಕನಿಷ್ಠ ಎರಡು ಡ್ರೈವ್‌ಗಳ ಮೇಲೆ ಸಕ್ರಿಯಗೊಳಿಸಬೇಕು. ಒಂದೇ ಡ್ರೈವ್‌ನ ಮೇಲಿದ್ದರೆ, ಆ ಡ್ರೈವ್ ಕೆಟ್ಟ ದಿನ ಉಳಿದ ಡ್ರೈವ್‌ಗಳು ಗಟ್ಟಿಯಾಗಿದ್ದರೂ ಟೇಪ್ ಎತ್ತಿಕೊಡಲು ರೋಬೋಟ್‌ಗೆ ಹೇಳುವವರೇ ಇರುವುದಿಲ್ಲ.

ಬಾರ್‌ಕೋಡ್‌ನ ಉದ್ದವನ್ನು ಈಗಲೇ ತೀರ್ಮಾನಿಸಿ. ಎಲ್‌ಟಿಒ ಚೀಟಿಯಲ್ಲಿ ಆರು ಅಕ್ಷರಗಳ ಹೆಸರಿನ ನಂತರ ತಲೆಮಾರನ್ನು ಸೂಚಿಸುವ ಎರಡು ಅಕ್ಷರಗಳಿರುತ್ತವೆ. ಲೈಬ್ರರಿಯು ಬ್ಯಾಕಪ್ ಸರ್ವರ್‌ಗೆ ಆರನ್ನು ಮಾತ್ರ ಹೇಳಬಹುದು ಅಥವಾ ಎಂಟನ್ನೂ ಹೇಳಬಹುದು. ಯಾವುದಾದರೂ ಅಡ್ಡಿಯಿಲ್ಲ, ಆದರೆ ಒಮ್ಮೆ ಟೇಪ್‌ಗಳ ಮೇಲೆ ಡೇಟಾ ಬಂದ ನಂತರ ಅದನ್ನು ಬದಲಿಸಲೇಬಾರದು. ನಾನೇ ಒಂದು ಕಡೆ ಈ ಹೊಂದಾಣಿಕೆ ಬದಲಾಗಿದ್ದುದನ್ನು ಗಮನಿಸದೆ ಸರ್ವರ್‌ನ ದಾಖಲೆಯನ್ನು ಲೈಬ್ರರಿಯೊಂದಿಗೆ ತಾಳೆ ನೋಡುವ ಆಡಿಟ್ ಲೈಬ್ರರಿ ಆಜ್ಞೆ ಕೊಟ್ಟಿದ್ದೆ. ಸರ್ವರ್‌ನ ದೃಷ್ಟಿಯಲ್ಲಿ ಆರು ಅಕ್ಷರದ ಟೇಪ್‌ಗಳೆಲ್ಲ ಒಮ್ಮೆಲೇ ಮಾಯವಾದವು, ಎಂಟು ಅಕ್ಷರದ ಅಪರಿಚಿತ ಟೇಪ್‌ಗಳು ಸ್ಲಾಟ್‌ಗಳಲ್ಲಿ ತುಂಬಿಕೊಂಡವು. ಡೇಟಾಕ್ಕೆ ಏನೂ ಆಗಿರಲಿಲ್ಲ. ಹಳೆಯ ಉದ್ದಕ್ಕೆ ಮರಳಿ ಎಲ್ಲವನ್ನೂ ಮತ್ತೆ ಒಳಸೇರಿಸುವಷ್ಟರಲ್ಲಿ ಒಂದು ರಾತ್ರಿ ಕಳೆದಿತ್ತು.

ಗೂಢಲಿಪೀಕರಣದ ವಿಧಾನವನ್ನೂ ಲೈಬ್ರರಿಯಲ್ಲೇ ಆರಿಸಬೇಕು. ಕೀಲಿಗಳನ್ನು ಬ್ಯಾಕಪ್ ಸರ್ವರ್ ನೋಡಿಕೊಳ್ಳಬೇಕೆಂದಿದ್ದರೆ ಅಪ್ಲಿಕೇಶನ್ ಮ್ಯಾನೇಜ್ಡ್ ಎಂಬ ಆಯ್ಕೆಯಿರಲಿ. ಡ್ರೈವ್ ತೊಳೆಯುವ ಕೆಲಸವನ್ನು ಲೈಬ್ರರಿಗೇ ಬಿಟ್ಟುಕೊಡಿ; ಲೈಬ್ರರಿಯೂ ಸರ್ವರ್ರೂ ಇಬ್ಬರೂ ತೊಳೆಯಲು ಹೊರಟರೆ ಗೊಂದಲ ಖಚಿತ.

ಹಂತ 2: ಚಾನೆಲ್ ಮತ್ತು ಎಫ್‌ಸಿಪಿ ಸಾಧನ

ಝಡ್/ಓಎಸ್ ಹಿನ್ನೆಲೆಯಿಂದ ಬಂದವರು ಇಲ್ಲಿ ತಪ್ಪುದಾರಿ ಹಿಡಿಯುತ್ತಾರೆ. ಫೈಕಾನ್ ಜಗತ್ತಿನಲ್ಲಿ ಪ್ರತಿ ಟೇಪ್ ಡ್ರೈವನ್ನೂ ಎಚ್‌ಸಿಡಿ ಎಂಬ ಹಾರ್ಡ್‌ವೇರ್ ವಿವರ ಬರೆಯುವ ಸಾಧನದಲ್ಲಿ ನಮೂದಿಸುವುದು ರೂಢಿ. ಎಫ್‌ಸಿಪಿಯಲ್ಲಿ ಹಾಗಿಲ್ಲ. ಐಒಸಿಡಿಎಸ್‌ನಲ್ಲಿ (ಯಂತ್ರದ ಚಾನೆಲ್ ಮತ್ತು ಸಾಧನಗಳ ವಿವರವಿರುವ ಕಡತದಲ್ಲಿ) ಎಫ್‌ಸಿಪಿ ಮಾದರಿಯ ಚಾನೆಲ್, ಎಫ್‌ಸಿಪಿ ಮಾದರಿಯ ಕಂಟ್ರೋಲ್ ಯೂನಿಟ್ ಮತ್ತು ಎಫ್‌ಸಿಪಿ ಸಾಧನಗಳ ಒಂದು ಸಾಲು ಇದ್ದರೆ ಸಾಕು. ಡ್ರೈವ್‌ನ ವಿಳಾಸವಾಗಲಿ ಲನ್ ಸಂಖ್ಯೆಯಾಗಲಿ (ಒಂದು ಪೋರ್ಟ್‌ನ ಹಿಂದಿರುವ ಸಾಧನದ ಸಂಖ್ಯೆ) ಅಲ್ಲಿ ಬರುವುದೇ ಇಲ್ಲ, ಅವೆಲ್ಲ ಲಿನಕ್ಸ್ ಒಳಗಿನ ವ್ಯವಹಾರ. ಪ್ರತಿಯೊಂದು ಎಫ್‌ಸಿಪಿ ಸಾಧನವನ್ನೂ ಒಂದು ಸ್ವತಂತ್ರ ಅಡಾಪ್ಟರ್ ಎಂದು ಭಾವಿಸಿಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಟೇಪ್‌ಗೆಂದೇ ಪ್ರತ್ಯೇಕ ಎಫ್‌ಸಿಪಿ ಸಾಧನಗಳನ್ನು, ಸಾಧ್ಯವಿದ್ದರೆ ಪ್ರತ್ಯೇಕ ಚಾನೆಲ್‌ಗಳನ್ನು ಮೀಸಲಿಡಿ. ಡಿಸ್ಕ್ ಮತ್ತು ಟೇಪ್ ಒಂದೇ ಸಾಧನದ ಮೇಲಿದ್ದರೆ, ಟೇಪ್ ಡ್ರೈವ್‌ನ ದೋಷ ನಿವಾರಣೆಗಾಗಿ ನಡೆಯುವ ರೀಸೆಟ್‌ಗಳು ಡಿಸ್ಕ್ ಸಂಚಾರವನ್ನೂ ಕಾಡುತ್ತವೆ. ಪ್ರತಿ ಎಫ್‌ಸಿಪಿ ಸಾಧನಕ್ಕೂ ತನ್ನದೇ ಪೋರ್ಟ್ ವಿಳಾಸ ಕೊಡುವ ಎನ್‌ಪಿಐವಿ ಸೌಲಭ್ಯವನ್ನು ಹಾರ್ಡ್‌ವೇರ್ ಕನ್ಸೋಲ್‌ನಲ್ಲಿ ಆ ಎಲ್‌ಪಾರ್‌ಗೆ ಸಕ್ರಿಯಗೊಳಿಸಿ, ಸ್ವಿಚ್ ಪೋರ್ಟ್‌ನಲ್ಲಿಯೂ ಅದಕ್ಕೆ ಅನುಮತಿ ಇರುವುದನ್ನು ಖಚಿತಪಡಿಸಿಕೊಳ್ಳಿ. ಎನ್‌ಪಿಐವಿ ಇಲ್ಲದಿದ್ದರೆ ಒಂದು ಚಾನೆಲ್‌ನ ಎಲ್ಲ ಎಫ್‌ಸಿಪಿ ಸಾಧನಗಳೂ ಒಂದೇ ಪೋರ್ಟ್ ವಿಳಾಸವನ್ನು ಹಂಚಿಕೊಳ್ಳುತ್ತವೆ. ಆಗ ಯಾವ ಎಲ್‌ಪಾರ್‌ಗೆ ಯಾವ ಡ್ರೈವ್ ಎಂದು ಸ್ವಿಚ್‌ನಲ್ಲಿ ಬೇರ್ಪಡಿಸಲು ಆಗುವುದಿಲ್ಲ.

ಲಿನಕ್ಸ್ ಝಡ್/ವಿಎಂ ಗೆಸ್ಟ್ ಆಗಿದ್ದರೆ, ಎಫ್‌ಸಿಪಿ ಸಾಧನವನ್ನು ಗೆಸ್ಟ್‌ನ ಡೈರೆಕ್ಟರಿ ನಮೂದಿನಲ್ಲಿ ಡೆಡಿಕೇಟ್ ಸಾಲಿನ ಮೂಲಕ ಕೊಡಬೇಕು. ಪರೀಕ್ಷೆಗೆಂದು ಅಟ್ಯಾಚ್ ಆಜ್ಞೆ ಕೊಟ್ಟು ಅಲ್ಲಿಗೇ ಮರೆತುಬಿಟ್ಟರೆ, ಗೆಸ್ಟ್ ಮುಂದಿನ ಬಾರಿ ಲಾಗಾನ್ ಆದಾಗ ಸಾಧನ ಇರುವುದಿಲ್ಲ.

ಹಂತ 3: ಸ್ವಿಚ್‌ನಲ್ಲಿ ಝೋನ್

ಯಾವ ವಿಳಾಸ ಯಾವುದನ್ನು ಕಾಣಬಹುದೆಂದು ಸ್ವಿಚ್‌ನಲ್ಲಿ ಮಾಡುವ ಗುಂಪೇ ಝೋನ್. ಒಂದು ಝೋನ್‌ನಲ್ಲಿ ಮೇನ್‌ಫ್ರೇಮ್ ಕಡೆಯ ಒಂದೇ ವಿಳಾಸ ಇರಲಿ, ಟೇಪ್ ಕಡೆ ಆ ವಿಳಾಸಕ್ಕೆ ಬೇಕಾದ ಡ್ರೈವ್‌ಗಳು ಮಾತ್ರ ಇರಲಿ. ಡಿಸ್ಕ್ ಪೋರ್ಟ್‌ಗಳನ್ನು ಅದರಲ್ಲಿ ಸೇರಿಸಬೇಡಿ. ನಾಲ್ಕು ಡ್ರೈವ್‌ಗಳನ್ನು ಎರಡು ಎಫ್‌ಸಿಪಿ ಸಾಧನಗಳಿಗೆ ಎರಡೆರಡಾಗಿ ಹಂಚುವುದು ಸಾಮಾನ್ಯ ವಿಂಗಡಣೆ. ಎರಡು ಕಂಟ್ರೋಲ್ ಪಾತ್ ಡ್ರೈವ್‌ಗಳು ಬೇರೆ ಬೇರೆ ಚಾನೆಲ್‌ಗಳ ಎಫ್‌ಸಿಪಿ ಸಾಧನಗಳ ಹಿಂದೆ ಬರುವಂತೆ ಹಂಚಿದರೆ, ಒಂದು ಚಾನೆಲ್ ಹೋದರೂ ರೋಬೋಟ್ ಕೈಗೆ ಸಿಗುತ್ತದೆ.

ಹಂತ 4: ಲಿನಕ್ಸ್ ಕಣ್ಣಿಗೆ ಡ್ರೈವ್ ಬೀಳಿಸುವುದು

ಎಫ್‌ಸಿಪಿ ಸಾಧನವನ್ನು ಸಿಎಚ್‌ಝಡ್‌ಡೆವ್ ಆಜ್ಞೆಯಿಂದ ಸಕ್ರಿಯಗೊಳಿಸಿ. 0.0.1900 ಎಂಬ ಸಾಧನವಿದೆಯೆಂದುಕೊಳ್ಳಿ. ಝಡ್‌ಎಫ್‌ಸಿಪಿ ಹೋಸ್ಟ್ ಮಾದರಿಯಡಿ ಅದನ್ನು ಎನೇಬಲ್ ಮಾಡಿದರೆ ಈಗಿನ ಚಾಲನೆಗೂ ಮುಂದಿನ ಮರುಚಾಲನೆಗಳಿಗೂ ಅದು ಅನ್ವಯವಾಗುತ್ತದೆ. ಕರ್ನಲ್‌ನ ಹೊಂದಾಣಿಕೆಗಳು ಕಾಣುವ ಸಿಸ್‌ಎಫ್‌ಎಸ್ ಕಡತಕ್ಕೆ 1 ಎಂದು ನೇರವಾಗಿ ಬರೆಯುವ ಹಳೆಯ ಅಭ್ಯಾಸವಿರುವವರು ಅದನ್ನು ಬಿಡಬೇಕು, ಏಕೆಂದರೆ ಅದು ಯಂತ್ರ ಆರಿದೊಡನೆ ಅಳಿಸಿಹೋಗುತ್ತದೆ. ಸಾಧನವೇ ಪಟ್ಟಿಯಲ್ಲಿ ಕಾಣದಿದ್ದರೆ, ಕರ್ನಲ್‌ನ ಸಿಐಒ ಇಗ್ನೋರ್ ಪಟ್ಟಿಯಲ್ಲಿ ಅದು ಸೇರಿಕೊಂಡಿದೆಯೇ ನೋಡಿ.

ಆನಂತರ ಎಲ್‌ಎಸ್‌ಝಡ್‌ಎಫ್‌ಸಿಪಿ ಆಜ್ಞೆಯಿಂದ ಮೂರನ್ನು ಇದೇ ಕ್ರಮದಲ್ಲಿ ಪರಿಶೀಲಿಸಿ: ಹೋಸ್ಟ್ ಅಂದರೆ ಎಫ್‌ಸಿಪಿ ಸಾಧನ, ಪೋರ್ಟ್ ಅಂದರೆ ಸ್ವಿಚ್‌ನ ಆಚೆ ಕಾಣುವ ಡ್ರೈವ್‌ಗಳ ವಿಳಾಸ, ಕೊನೆಗೆ ಲನ್. ಹೋಸ್ಟ್ ಇದ್ದು ಪೋರ್ಟ್ ಕಾಣದಿದ್ದರೆ ತಪ್ಪು ಝೋನ್‌ನಲ್ಲಿ ಅಥವಾ ಕೇಬಲ್‌ನಲ್ಲಿದೆ. ಪೋರ್ಟ್ ಇದ್ದು ಲನ್ ಕಾಣದಿದ್ದರೆ ಮೊದಲು ಎನ್‌ಪಿಐವಿಯನ್ನು ಅನುಮಾನಿಸಬೇಕು, ಏಕೆಂದರೆ ಲನ್‌ಗಳನ್ನು ತಾನಾಗಿಯೇ ಹುಡುಕುವ ಸೌಲಭ್ಯ ಎನ್‌ಪಿಐವಿ ಇದ್ದಾಗ ಮಾತ್ರ ನಡೆಯುತ್ತದೆ. ಹೋಸ್ಟ್‌ನ ವಿವರದಲ್ಲಿ ಪೋರ್ಟ್ ಮಾದರಿಯು ಎನ್‌ಪಿಐವಿ ವಿಪೋರ್ಟ್ ಎಂದಿರಬೇಕು. ಹಾಗಿಲ್ಲದಿದ್ದರೆ ಪ್ರತಿ ಲನ್ನನ್ನೂ ಝಡ್‌ಎಫ್‌ಸಿಪಿ ಲನ್ ಮಾದರಿಯಡಿ ಕೈಯಾರೆ ಸೇರಿಸಬೇಕಾಗುತ್ತದೆ.

ಪ್ರತಿ ಡ್ರೈವ್ ಲನ್ 0 ಆಗಿ ಕಾಣುತ್ತದೆ. ಕಂಟ್ರೋಲ್ ಪಾತ್ ಇರುವ ಡ್ರೈವ್‌ನ ಪೋರ್ಟ್‌ನಲ್ಲಿ ಲನ್ 1 ಕೂಡ ಇರುತ್ತದೆ, ಅದೇ ರೋಬೋಟ್. ಲನ್ 0 ಮಾತ್ರ ಸೇರಿಸಿ ರೋಬೋಟ್ ಎಲ್ಲಿ ಹೋಯಿತೆಂದು ಹುಡುಕುವುದು ಕೈಯಾರೆ ಸೇರಿಸುವವರಲ್ಲಿ ತೀರ ಸಾಮಾನ್ಯ. ಎಲ್‌ಎಸ್‌ಸ್ಕಸಿ ಪಟ್ಟಿಯಲ್ಲಿ ಟೇಪ್‌ಗಳ ಸಂಖ್ಯೆ ಮತ್ತು ಮೀಡಿಯಂ ಚೇಂಜರ್‌ಗಳ (ಅಂದರೆ ರೋಬೋಟ್ ನಮೂದುಗಳ) ಸಂಖ್ಯೆ ನಿಮ್ಮ ಕೋಷ್ಟಕದೊಂದಿಗೆ ತಾಳೆಯಾಗದ ಹೊರತು ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 5: ಡ್ರೈವರ್ ಮತ್ತು ಸ್ಥಿರ ಹೆಸರು

ಹೆಚ್ಚಿನವರು ಸೋಲುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಹೋಗೋಣ.

ಲಿನ್‌ಟೇಪ್ ಮೂಲ ಪೊಟ್ಟಣವನ್ನು ಆರ್‌ಪಿಎಂಬಿಲ್ಡ್ ಮೂಲಕ ನಿಮ್ಮ ಕರ್ನಲ್‌ಗೆ ಮರುನಿರ್ಮಿಸಿ, ಹುಟ್ಟಿದ ಪೊಟ್ಟಣವನ್ನು ಸ್ಥಾಪಿಸಿ, ಲಿನ್‌ಟೇಪ್‌ಡಿ ಎಂಬ ಹಿನ್ನೆಲೆ ಸೇವೆ ನಡೆಯುತ್ತಿರುವುದನ್ನು ನೋಡಿ. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಮಾಡ್ಯೂಲ್‌ಗೆ ಸಹಿ ಹಾಕದೆ ಅದು ಏರುವುದಿಲ್ಲ. ಲಿನಕ್ಸ್‌ನ ಸ್ವಂತ ಎಸ್‌ಟಿ ಡ್ರೈವರ್ ಮೊದಲೇ ಡ್ರೈವ್‌ಗಳನ್ನು ಹಿಡಿದುಕೊಂಡಿದ್ದರೆ ಲಿನ್‌ಟೇಪ್‌ಗೆ ಏನೂ ಸಿಗುವುದಿಲ್ಲ. ಪ್ರಾಕ್ ಕಡತವ್ಯವಸ್ಥೆಯ ಸ್ಕಸಿ ಕೋಶದಲ್ಲಿರುವ ಐಬಿಎಂಟೇಪ್ ಮತ್ತು ಐಬಿಎಂಚೇಂಜರ್ ಕಡತಗಳನ್ನು ತೆರೆದಾಗ ನಿಮ್ಮ ಎಲ್ಲ ಡ್ರೈವ್‌ಗಳೂ ಸೀರಿಯಲ್ ಸಂಖ್ಯೆಯೊಂದಿಗೆ ಕಾಣಬೇಕು. ಖಾಲಿಯಿದ್ದರೆ ಎಸ್‌ಟಿ ಮಾಡ್ಯೂಲನ್ನು ಇಳಿಸಿ ಲಿನ್‌ಟೇಪನ್ನು ಏರಿಸಿ, ಬೂಟ್ ಸಮಯದಲ್ಲೂ ಲಿನ್‌ಟೇಪ್ ಮೊದಲು ಬರುವಂತೆ ಮಾಡಿ.

ಇನ್ನೊಂದು ಬಲೆ ಕರ್ನಲ್ ನವೀಕರಣ. ಲಿನ್‌ಟೇಪ್ ಕರ್ನಲ್‌ನ ಹೊರಗಿನ ಮಾಡ್ಯೂಲ್ ಆದ್ದರಿಂದ, ಹೊಸ ಕರ್ನಲ್ ಬಂದಾಗ ಮರುನಿರ್ಮಾಣ ಬೇಕಾಗಬಹುದು. ತಿಂಗಳ ಭದ್ರತಾ ತೇಪೆ ಹಾಕುವ ತಂಡದ ಕಾರ್ಯಪಟ್ಟಿಯಲ್ಲಿ ಈ ಸಾಲನ್ನು ಬರೆಸಿಬಿಡಿ. ಇಲ್ಲವಾದರೆ ತೇಪೆ ಹಾಕಿದ ರಾತ್ರಿಯ ಬ್ಯಾಕಪ್ ಟೇಪ್‌ಗೆ ಹೋಗಿಲ್ಲವೆಂದು ನಿಮಗೆ ತಿಳಿಯುವುದು ಮರುದಿನ ಬೆಳಗ್ಗೆ.

ಈಗ ಹೆಸರುಗಳು. ಲಿನ್‌ಟೇಪ್ ಕೊಡುವ ಐಬಿಎಂಟೇಪ್0, ಐಬಿಎಂಟೇಪ್1 ಎಂಬವು ಡ್ರೈವ್‌ಗಳು ಪತ್ತೆಯಾದ ಕ್ರಮವನ್ನು ಮಾತ್ರ ಹೇಳುತ್ತವೆ. ಸ್ವಿಚ್‌ನಲ್ಲಿ ಒಂದು ಪೋರ್ಟ್ ತಡವಾಗಿ ಎದ್ದರೂ ನಿನ್ನೆಯ 0 ಇಂದು 2 ಆಗಬಹುದು. ಆದ್ದರಿಂದ ಸಾಧನಗಳಿಗೆ ಹೆಸರಿಡುವ ಲಿನಕ್ಸ್ ಸೌಲಭ್ಯವಾದ ಯುಡೆವ್‌ನಲ್ಲಿ ನಿಯಮ ಬರೆದು, ಲಿನ್‌ಟೇಪ್ ಒದಗಿಸುವ ಸೀರಿಯಲ್ ಸಂಖ್ಯೆಯ ಗುಣವನ್ನು ಆಧರಿಸಿ ಪ್ರತಿ ಡ್ರೈವ್‌ಗೂ ರೋಬೋಟ್‌ಗೂ ಒಂದೊಂದು ಸ್ಥಿರ ಕೊಂಡಿ ಹೆಸರು ಕೊಡಿ. ಹೆಸರಿನಲ್ಲಿಯೇ ಸೀರಿಯಲ್ ಸಂಖ್ಯೆಯ ಕೊನೆಯ ಅಂಕಿಗಳು ಬರುವಂತೆ ಇಟ್ಟರೆ ಆಮೇಲೆ ಕಣ್ಣಿಟ್ಟು ನೋಡಿದೊಡನೆ ತಪ್ಪು ಗೊತ್ತಾಗುತ್ತದೆ. ನಿಯಮ ಬರೆಯುವಾಗ, ಪ್ರತಿ ಡ್ರೈವ್‌ಗೂ ಬಳಕೆಯ ನಂತರ ಟೇಪನ್ನು ಸುತ್ತಿ ಹಿಂದಕ್ಕೆ ತರುವ ಒಂದು ಹೆಸರು ಮತ್ತು ಹಾಗೆ ತರದ, ಕೊನೆಯಲ್ಲಿ ಎನ್ ಅಕ್ಷರವಿರುವ ಇನ್ನೊಂದು ಹೆಸರು ಇರುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ನಿಯಮ ಎರಡಕ್ಕೂ ಹೊಂದಿಕೊಂಡರೆ ಒಂದೇ ಕೊಂಡಿಗೆ ಇಬ್ಬರು ಹಕ್ಕುದಾರರಾಗುತ್ತಾರೆ. ಬ್ಯಾಕಪ್ ಸರ್ವರ್‌ಗೆ ಬೇಕಾದುದು ಎನ್ ಇಲ್ಲದ್ದು.

ಒಂದೇ ಡ್ರೈವ್ ಎರಡು ಎಫ್‌ಸಿಪಿ ಸಾಧನಗಳ ಮೂಲಕ ಕಂಡರೆ ನಾಲ್ಕು ಡ್ರೈವ್‌ಗೆ ಎಂಟು ಹೆಸರುಗಳು ಬರುತ್ತವೆ. ಎಂಟು ಡ್ರೈವ್‌ಗಳಿವೆಯೆಂದು ಖುಷಿಪಟ್ಟು ಎಂಟನ್ನೂ ಸರ್ವರ್‌ನಲ್ಲಿ ನಮೂದಿಸಿದವರಿದ್ದಾರೆ. ಡಿಸ್ಕ್‌ಗೆ ಬಳಸುವ ಡಿವೈಸ್ ಮ್ಯಾಪರ್ ಮಲ್ಟಿಪಾತ್ ಟೇಪ್‌ಗೆ ಸಲ್ಲುವುದಿಲ್ಲ. ದಾರಿಗಳೆರಡೂ ಬೇಕಿದ್ದರೆ ಲಿನ್‌ಟೇಪ್‌ನ ಆಲ್ಟರ್ನೇಟ್ ಪಾತಿಂಗ್ ಆಯ್ಕೆಯನ್ನು ಮಾಡ್ಯೂಲ್ ಹೊಂದಾಣಿಕೆ ಕಡತದಲ್ಲಿ 1 ಮಾಡಿ. ಬೇಡವಾದರೆ ಝೋನ್ ತಿದ್ದಿ ಒಂದೇ ದಾರಿ ಉಳಿಸಿ. ಮೊದಲ ಬಾರಿ ಜೋಡಿಸುವವರಿಗೆ ಒಂದೇ ದಾರಿಯೇ ಸಾಕೆಂಬುದು ನನ್ನ ಅಭಿಪ್ರಾಯ.

ಹಂತದ ಕೊನೆಯಲ್ಲಿ ಇನ್‌ಸ್ಟನ್ಸ್ ಬಳಕೆದಾರನಾಗಿ ಪ್ರವೇಶಿಸಿ, ಆ ಸ್ಥಿರ ಹೆಸರುಗಳನ್ನು ಓದಿ ಬರೆಯುವ ಅನುಮತಿ ಇದೆಯೇ ನೋಡಿ. ಐಟಿಡಿಟಿಯ ಸ್ಕ್ಯಾನ್ ಆಯ್ಕೆ ಓಡಿಸಿ, ರೋಬೋಟ್‌ನ ದಾಸ್ತಾನನ್ನು ಓದಿಸಿ. ರೂಟ್ ಆಗಿ ಎಲ್ಲವೂ ನಡೆದು ಸರ್ವರ್ ಮಾತ್ರ ಡ್ರೈವ್ ತೆರೆಯಲಾರೆ ಎಂದರೆ ಕಾರಣ ಬಹುಮಟ್ಟಿಗೆ ಅನುಮತಿಯೇ.

ಹಂತ 6: ಬ್ಯಾಕಪ್ ಸರ್ವರ್‌ನಲ್ಲಿ ನಮೂದು

ಇಲ್ಲಿ ನಾಲ್ಕು ಆಜ್ಞೆಗಳಿವೆ ಮತ್ತು ಅವುಗಳ ಕ್ರಮ ಬದಲಾಗುವಂತಿಲ್ಲ. ಮೊದಲು ಡಿಫೈನ್ ಲೈಬ್ರರಿ, ಮಾದರಿ ಸ್ಕಸಿ. ಎರಡನೆಯದು ಸರ್ವರ್‌ನಿಂದ ಲೈಬ್ರರಿಗೆ ಡಿಫೈನ್ ಪಾತ್, ಸಾಧನವಾಗಿ ರೋಬೋಟ್‌ನ ಸ್ಥಿರ ಹೆಸರು. ಮೂರನೆಯದು ಪ್ರತಿ ಡ್ರೈವ್‌ಗೂ ಡಿಫೈನ್ ಡ್ರೈವ್. ನಾಲ್ಕನೆಯದು ಸರ್ವರ್‌ನಿಂದ ಪ್ರತಿ ಡ್ರೈವ್‌ಗೂ ಡಿಫೈನ್ ಪಾತ್, ಸಾಧನವಾಗಿ ಆ ಡ್ರೈವ್‌ನ ಸ್ಥಿರ ಹೆಸರು.

ಡ್ರೈವ್ ನಮೂದಿಸುವಾಗ ಸೀರಿಯಲ್ ಮತ್ತು ಎಲಿಮೆಂಟ್ ಎರಡನ್ನೂ ಆಟೋಡಿಟೆಕ್ಟ್‌ಗೆ ಬಿಡಿ. ಆಟೋಡಿಟೆಕ್ಟ್ ಕೆಲಸ ಮಾಡಬೇಕಾದರೆ ರೋಬೋಟ್‌ಗೆ ಪಾತ್ ಮೊದಲೇ ಇರಬೇಕು. ಎರಡನೆಯ ಮತ್ತು ಮೂರನೆಯ ಆಜ್ಞೆಗಳನ್ನು ಅದಲುಬದಲು ಮಾಡಬಾರದು ಎನ್ನುವುದು ಇದರಿಂದಲೇ. ನಂತರ ಕ್ವೆರಿ ಡ್ರೈವ್ ಮತ್ತು ಕ್ವೆರಿ ಪಾತ್ ಆಜ್ಞೆಗಳನ್ನು ವಿವರವಾದ ರೂಪದಲ್ಲಿ ಕೇಳಿ, ಸರ್ವರ್ ಹೇಳುವ ಸೀರಿಯಲ್ ಸಂಖ್ಯೆ, ಎಲಿಮೆಂಟ್ ಮತ್ತು ಸಾಧನದ ಹೆಸರನ್ನು ಕೋಷ್ಟಕದ ಸಾಲಿನೊಂದಿಗೆ ಒಂದೊಂದಾಗಿ ಹೋಲಿಸಿ. ಎಲಿಮೆಂಟ್ ಒಂದು ಡ್ರೈವ್‌ನದು, ಸಾಧನದ ಹೆಸರು ಇನ್ನೊಂದು ಡ್ರೈವ್‌ನದು ಆಗಿಬಿಟ್ಟರೆ, ರೋಬೋಟ್ ಟೇಪನ್ನು ಎಡಗಡೆಯ ಡ್ರೈವ್‌ಗೆ ಇಡುತ್ತದೆ, ಸರ್ವರ್ ಬಲಗಡೆಯ ಖಾಲಿ ಡ್ರೈವ್ ಎದುರು ಕಾಯುತ್ತದೆ. ದಾಖಲೆಯಲ್ಲಿ ಎಎನ್‌ಆರ್8963 ಸಂದೇಶ ಬಂದರೆ, ನಮೂದಾದ ಸೀರಿಯಲ್ ಸಂಖ್ಯೆಗೆ ಹೊಂದುವ ದಾರಿ ಸಿಕ್ಕಿಲ್ಲವೆಂದು ಅರ್ಥ. ಹಂತ 5ಕ್ಕೆ ಮರಳಿ. ಎಎನ್‌ಆರ್8779 ಬಂದರೆ ಡ್ರೈವ್ ತೆರೆಯಲಾಗಿಲ್ಲ. ಅನುಮತಿಯನ್ನೂ, ಬೇರೆ ಯಾವುದಾದರೂ ಸರ್ವರ್ ಆ ಡ್ರೈವನ್ನು ಕಾಯ್ದಿರಿಸಿಕೊಂಡಿದೆಯೇ ಎಂಬುದನ್ನೂ ನೋಡಿ.

ಹಂತ 7: ಡಿವೈಸ್ ಕ್ಲಾಸ್ ಮತ್ತು ಸ್ಟೋರೇಜ್ ಪೂಲ್

ಒಂದೇ ಬಗೆಯ ಸಾಧನಗಳ ಗುಣಗಳನ್ನು ಸರ್ವರ್‌ಗೆ ಹೇಳುವ ನಮೂದೇ ಡಿವೈಸ್ ಕ್ಲಾಸ್. ಅದರ ಮಾದರಿ ಎಲ್‌ಟಿಒ ಇರಲಿ, ಒಮ್ಮೆಗೆ ಎಷ್ಟು ಟೇಪ್ ಏರಿಸಬಹುದೆಂಬ ಮೌಂಟ್ ಲಿಮಿಟ್ ಡ್ರೈವ್ಸ್ ಎಂದಿರಲಿ. ಎಲ್ಲ ಡ್ರೈವ್‌ಗಳೂ ಒಂದೇ ತಲೆಮಾರಿನವಾಗಿದ್ದರೆ ಫಾರ್ಮ್ಯಾಟ್‌ಗೆ ಡ್ರೈವ್ ಎಂದೇ ಕೊಡಬಹುದು. ತಲೆಮಾರುಗಳು ಬೆರೆತಿದ್ದರೆ ಫಾರ್ಮ್ಯಾಟನ್ನು ಸ್ಪಷ್ಟವಾಗಿ ಬರೆಯಬೇಕು. ಎಲ್‌ಟಿಒ 8 ಡ್ರೈವ್ ಎಲ್‌ಟಿಒ 7 ಟೇಪನ್ನು ಓದಿ ಬರೆಯಬಲ್ಲದು, ಎಲ್‌ಟಿಒ 6 ಅನ್ನು ಓದಲೂ ಆರದು; ಎಲ್‌ಟಿಒ 9 ಡ್ರೈವ್ ಎಲ್‌ಟಿಒ 8ರವರೆಗೆ ಮಾತ್ರ ಹಿಂದಕ್ಕೆ ಹೋಗುತ್ತದೆ.

ಮೌಂಟ್ ರಿಟೆನ್ಷನ್‌ನ ಮೂಲ ಮೌಲ್ಯ (ನೀವು ಬದಲಿಸದಿದ್ದರೆ ಇರುವುದು) 60 ನಿಮಿಷ. ಅಂದರೆ ಕೆಲಸ ಮುಗಿದ ಮೇಲೂ ಟೇಪ್ ಒಂದು ಗಂಟೆ ಡ್ರೈವ್‌ನಲ್ಲೇ ಕುಳಿತಿರುತ್ತದೆ. ಡ್ರೈವ್‌ಗಳು ಕಡಿಮೆ, ಕೆಲಸಗಳು ಹೆಚ್ಚು ಇರುವಲ್ಲಿ 5 ನಿಮಿಷದ ಆಸುಪಾಸಿಗೆ ಇಳಿಸಿ. ಡ್ರೈವ್ ಎನ್‌ಕ್ರಿಪ್ಷನನ್ನು ಆನ್ ಮಾಡಿದರೆ ಕೀಲಿಗಳು ಸರ್ವರ್‌ನ ಡೇಟಾಬೇಸ್‌ನಲ್ಲಿ ಉಳಿಯುತ್ತವೆ. ಡೇಟಾಬೇಸ್ ಕಳೆದುಹೋದರೆ ಟೇಪ್‌ಗಳಿದ್ದೂ ಪ್ರಯೋಜನವಿಲ್ಲ. ಹಂತ 10ನ್ನು ಮಾಡಿ ಮುಗಿಸದೆ ಈ ಆಯ್ಕೆಯೊಂದಿಗೆ ನಿಜವಾದ ಡೇಟಾ ಬರೆಯಬಾರದು.

ಡೇಟಾ ಇಡುವ ಟೇಪ್‌ಗಳ ಗುಂಪಾದ ಸ್ಟೋರೇಜ್ ಪೂಲ್‌ನಲ್ಲಿ ಎರಡು ಮೌಲ್ಯಗಳನ್ನು ಕಡೆಗಣಿಸಬೇಡಿ. ಮ್ಯಾಕ್ಸ್ ಸ್ಕ್ರ್ಯಾಚ್ ಎಂದರೆ ಆ ಪೂಲ್ ಎಷ್ಟು ಖಾಲಿ ಟೇಪ್‌ಗಳನ್ನು ತೆಗೆದುಕೊಳ್ಳಬಹುದೆಂಬ ಮಿತಿ. ಲೈಬ್ರರಿಯಲ್ಲಿ ನೂರು ಖಾಲಿ ಟೇಪ್‌ಗಳಿದ್ದರೂ ಈ ಮಿತಿ ಮುಗಿದಿದ್ದರೆ ಎಎನ್‌ಆರ್1405 ಸಂದೇಶದೊಂದಿಗೆ ಮೌಂಟ್ ನಿರಾಕರಣೆಯಾಗುತ್ತದೆ. ರೀಯೂಸ್ ಡಿಲೇ ಎಂದರೆ ಖಾಲಿಯಾದ ಟೇಪನ್ನು ಎಷ್ಟು ದಿನ ಮರುಬಳಕೆಗೆ ಕೊಡಬಾರದೆಂಬುದು. ಮೂಲ ಮೌಲ್ಯ 0. ಡೇಟಾಬೇಸ್ ಬ್ಯಾಕಪ್‌ಗಳನ್ನು ನೀವು 7 ದಿನ ಇಟ್ಟುಕೊಳ್ಳುವುದಾದರೆ ಇದೂ 7 ಇರಲಿ. ಇಲ್ಲವಾದರೆ ನಾಲ್ಕು ದಿನದ ಹಿಂದಿನ ಡೇಟಾಬೇಸನ್ನು ಮರಳಿಸಿದಾಗ, ಅದು ಸೂಚಿಸುವ ಟೇಪ್‌ನ ಮೇಲೆ ಆಗಲೇ ಬೇರೇನೋ ಬರೆದಾಗಿರುತ್ತದೆ.

ಎಲ್‌ಟಿಒ 8 ಡ್ರೈವ್ ಸೆಕೆಂಡಿಗೆ 360 ಮೆಗಾಬೈಟ್‌ವರೆಗಿನ ವೇಗದಲ್ಲಿ ಬರೆಯಬಲ್ಲದು. ಜಾಲದ ಮೂಲಕ ತೊಟ್ಟಿಕ್ಕುವ ಬ್ಯಾಕಪ್ಪನ್ನು ನೇರವಾಗಿ ಅದಕ್ಕೆ ಉಣಿಸಿದರೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಓಡುತ್ತ ಸವೆಯುತ್ತದೆ. ಮೊದಲು ಡಿಸ್ಕ್ ಪೂಲ್‌ಗೆ ತುಂಬಿಸಿ, ಅಲ್ಲಿಂದ ಒಟ್ಟಾಗಿ ಟೇಪ್‌ಗೆ ಸಾಗಿಸಿ.

ಹಂತ 8: ಲೇಬಲ್ ಬರೆದು ಒಳಸೇರಿಸುವುದು

ಹೊಸ ಟೇಪ್‌ಗಳಿಗೆ ಲೇಬಲ್ ಲಿಬ್‌ವಾಲ್ಯೂಮ್ ಆಜ್ಞೆಯಲ್ಲಿ ಸರ್ಚ್ ಯೆಸ್, ಲೇಬಲ್ ಮೂಲ ಬಾರ್‌ಕೋಡ್, ಚೆಕಿನ್ ಸ್ಕ್ರ್ಯಾಚ್ ಎಂದು ಕೊಟ್ಟರೆ ಸಾಕು. ಓವರ್‌ರೈಟ್ ಯೆಸ್ ಎಂಬುದನ್ನು ಕೈ ತಪ್ಪಿಯೂ ಸೇರಿಸಬೇಡಿ. ಈ ಸರ್ವರ್‌ನ ದಾಖಲೆಯಲ್ಲಿರುವ ಟೇಪ್‌ಗಳನ್ನು ಅದು ಮುಟ್ಟುವುದಿಲ್ಲ, ನಿಜ. ಆದರೆ ಇನ್ನೊಂದು ಸರ್ವರ್ ಬರೆದ ಟೇಪ್ ಇದೇ ಲೈಬ್ರರಿಯಲ್ಲಿದ್ದರೆ ಅದು ಇದರ ಕಣ್ಣಿಗೆ ಬರಿಯ ಅಪರಿಚಿತ ಟೇಪ್.

ಎಲ್‌ಟಿಒ 9 ಬಳಸುವವರಿಗೆ ಒಂದು ಮಾತು: ಹೊಸ ಕಾರ್ಟ್ರಿಡ್ಜ್ ಮೊದಲ ಬಾರಿ ಡ್ರೈವ್‌ಗೆ ಹೋದಾಗ ಅದು ತನ್ನನ್ನು ಹದಗೊಳಿಸಿಕೊಳ್ಳಲು ಸರಾಸರಿ 40 ನಿಮಿಷ, ಕೆಲವೊಮ್ಮೆ 2 ಗಂಟೆಯವರೆಗೆ ತೆಗೆದುಕೊಳ್ಳುತ್ತದೆ. ಡ್ರೈವ್ ಸಿಕ್ಕಿಹಾಕಿಕೊಂಡಿದೆಯೆಂದು ಭಾವಿಸಿ ವಿದ್ಯುತ್ ತೆಗೆಯಬೇಡಿ. ಈ ಕೆಲಸವನ್ನು ಹಗಲಿನಲ್ಲೇ, ಬ್ಯಾಕಪ್ ಇಲ್ಲದ ಹೊತ್ತಿನಲ್ಲಿ ಮುಗಿಸಿಕೊಳ್ಳಿ.

ಹಳೆಯ ಟೇಪ್‌ಗಳಿರುವ ಲೈಬ್ರರಿಯನ್ನು ಮತ್ತೆ ನಮೂದಿಸಿದ್ದರೆ, ಮೊದಲು ಸ್ಕ್ರ್ಯಾಚ್ (ಖಾಲಿ) ಸ್ಥಿತಿಯಲ್ಲಿ, ಆನಂತರ ಪ್ರೈವೇಟ್ (ಡೇಟಾ ಇರುವ) ಸ್ಥಿತಿಯಲ್ಲಿ ಚೆಕಿನ್ ಮಾಡಿ, ಅಂದರೆ ಒಳಸೇರಿಸಿ. ತನ್ನ ಡೇಟಾ ಇರುವ ಟೇಪನ್ನು ಸ್ಕ್ರ್ಯಾಚ್ ಮಾಡಲು ಸರ್ವರ್ ತಾನೇ ಒಪ್ಪುವುದಿಲ್ಲ, ಹಾಗಾಗಿ ಅವು ಎರಡನೆಯ ಸುತ್ತಿಗೆ ಉಳಿಯುತ್ತವೆ. ತಿರುಗುಮುರುಗಾಗಿ ಮಾಡಿದರೆ ಖಾಲಿ ಟೇಪ್‌ಗಳೂ ಪ್ರೈವೇಟ್ ಆಗಿ, ಬರೆಯಲು ಒಂದೂ ಸಿಗದಂತಾಗುತ್ತದೆ. ಬೇರೆ ಸರ್ವರ್‌ನ ಟೇಪ್‌ಗಳು ಅದೇ ಲಾಜಿಕಲ್ ಲೈಬ್ರರಿಯಲ್ಲಿದ್ದರೆ ಈ ವಿಧಾನವೂ ಅಪಾಯಕಾರಿ. ಆಗ ಹೆಸರಿನ ವ್ಯಾಪ್ತಿಯನ್ನು ಕೊಟ್ಟು ನಿಮ್ಮವನ್ನು ಮಾತ್ರ ಸೇರಿಸಿ.

ಹಂತ 9: ಒಂದೊಂದೇ ಡ್ರೈವ್, ಮರುಚಾಲನೆ, ಮರುಪಡೆಯುವಿಕೆ

ಒಂದು ಬ್ಯಾಕಪ್ ಯಶಸ್ವಿಯಾಯಿತೆಂದರೆ ಒಂದು ಡ್ರೈವ್ ಸರಿಯಿದೆ ಎಂದಷ್ಟೇ ಅರ್ಥ. ಅಪ್‌ಡೇಟ್ ಡ್ರೈವ್ ಆಜ್ಞೆಯಿಂದ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಆಫ್‌ಲೈನ್ ಮಾಡಿ, ಕೆಲವು ಗಿಗಾಬೈಟ್ ಬರೆಯಿರಿ. ಕ್ವೆರಿ ಮೌಂಟ್‌ನಲ್ಲಿ ಯಾವ ಡ್ರೈವ್ ಕೆಲಸ ಮಾಡುತ್ತಿದೆಯೆಂದು ನೋಡಿ, ಅದೇ ಹೊತ್ತಿಗೆ ಲೈಬ್ರರಿಯ ವೆಬ್ ಪುಟದಲ್ಲೂ ಅದೇ ಡ್ರೈವ್‌ನಲ್ಲಿ ಟೇಪ್ ಇದೆಯೇ ನೋಡಿ. ಹೀಗೆ ಪ್ರತಿ ಡ್ರೈವ್‌ಗೂ ಮಾಡಿ. ಆಮೇಲೆ ಒಂದು ಡ್ರೈವ್‌ನಲ್ಲಿ ಬರೆದದ್ದನ್ನು ಇನ್ನೊಂದು ಡ್ರೈವ್ ಮಾತ್ರ ಆನ್‌ಲೈನ್ ಇರುವಾಗ ಮರುಪಡೆದು, ಮೂಲ ಕಡತದೊಂದಿಗೆ ಹೋಲಿಸಿ.

ನಂತರ ಲಿನಕ್ಸನ್ನು ಮರುಚಾಲನೆ ಮಾಡಿ ಇದೆಲ್ಲವನ್ನೂ ಮತ್ತೊಮ್ಮೆ ನೋಡಿ. ಈ ಮರುಚಾಲನೆಯನ್ನು ತಪ್ಪಿಸುವವರೇ ಮೇಲೆ ಹೇಳಿದ ಭಾನುವಾರದ ಪತ್ರ ಬರೆಯುವವರು.

ಹಂತ 10: ಡೇಟಾಬೇಸ್ ಮತ್ತು ಹೊಂದಾಣಿಕೆ ಕಡತಗಳು

ಸೆಟ್ ಡಿಬಿ ರಿಕವರಿಯಲ್ಲಿ ಡಿವೈಸ್ ಕ್ಲಾಸ್ ಸೂಚಿಸಿ, ಗೂಢಲಿಪಿ ಕೀಲಿಗಳೂ ಸೇರುವಂತೆ ಪೂರ್ಣ ಡೇಟಾಬೇಸ್ ಬ್ಯಾಕಪ್ ತೆಗೆಯಿರಿ. ಅದಕ್ಕೆ ಕೊಟ್ಟ ಪಾಸ್‌ವರ್ಡನ್ನು ಸರ್ವರ್‌ನ ಹೊರಗೆ ಸುರಕ್ಷಿತವಾಗಿಡಿ. ಬ್ಯಾಕಪ್ ಡೆವ್‌ಕಾನ್ಫಿಗ್ ಮತ್ತು ಬ್ಯಾಕಪ್ ವಾಲ್‌ಹಿಸ್ಟರಿ ಆಜ್ಞೆಗಳು ಹುಟ್ಟಿಸುವ, ಸಾಧನಗಳ ನಮೂದು ಮತ್ತು ಟೇಪ್‌ಗಳ ಇತಿಹಾಸವಿರುವ ಕಡತಗಳ ಪ್ರತಿಯನ್ನು ಇನ್ನೊಂದು ಯಂತ್ರಕ್ಕೆ ಕಳುಹಿಸಿ. ಡೆವ್‌ಕಾನ್ಫಿಗ್ ಕಡತದಲ್ಲಿ ಯಾವ ಟೇಪ್ ಯಾವ ಎಲಿಮೆಂಟ್‌ನಲ್ಲಿದೆಯೆಂಬ ಸಾಲುಗಳಿರುತ್ತವೆ. ಬೇರೆ ಊರಿನ ಲೈಬ್ರರಿಯಲ್ಲಿ ಡೇಟಾಬೇಸನ್ನು ಮರಳಿಸುವಾಗ ಟೇಪನ್ನು ಬೇರೆ ಸ್ಲಾಟ್‌ಗೆ ಹಾಕಿರುತ್ತೀರಿ, ಆದ್ದರಿಂದ ಆ ಸಾಲನ್ನೂ ಸಾಧನದ ಹೆಸರುಗಳನ್ನೂ ಅಲ್ಲಿ ತಿದ್ದಬೇಕಾಗುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಸೆಟ್ ಟೇಪ್ಅಲರ್ಟ್ ಸಂದೇಶವನ್ನು ಆನ್ ಮಾಡಿಟ್ಟರೆ ಡ್ರೈವ್‌ನ ದೂರುಗಳು ಸರ್ವರ್ ದಾಖಲೆಗೂ ಬರುತ್ತವೆ. ಅವುಗಳಲ್ಲಿ 20ನೆಯದು ಈಗಲೇ ತೊಳೆಯಬೇಕೆಂದೂ, 21ನೆಯದು ತೊಳೆಯುವ ಅವಧಿ ಬಂದಿದೆಯೆಂದೂ ಹೇಳುತ್ತವೆ. ಪದೇ ಪದೇ 20 ಬರುತ್ತಿದ್ದರೆ ಕ್ಲೀನಿಂಗ್ ಕಾರ್ಟ್ರಿಡ್ಜ್‌ನ ಆಯುಷ್ಯ ಮುಗಿದಿರಬಹುದು. ಸಾಮಾನ್ಯವಾಗಿ ಅದು 50 ಬಳಕೆಗಳಿಗೆ ಬರುತ್ತದೆ.

ಎಎನ್‌ಆರ್8302 ಎಂಬ ಓದು ಬರಹದ ದೋಷ ಕಂಡಾಗ ಅವಸರದಿಂದ ಟೇಪನ್ನು ಎಸೆಯಬೇಡಿ. ಒಂದೇ ಟೇಪ್ ಹಲವು ಡ್ರೈವ್‌ಗಳಲ್ಲಿ ತಪ್ಪಿದರೆ ದೋಷ ಟೇಪ್‌ನದು. ಹಲವು ಟೇಪ್‌ಗಳು ಒಂದೇ ಡ್ರೈವ್‌ನಲ್ಲಿ ತಪ್ಪಿದರೆ ದೋಷ ಡ್ರೈವ್‌ನದು. ಒಂದೇ ಎಫ್‌ಸಿಪಿ ಸಾಧನದ ಹಿಂದಿರುವ ಎಲ್ಲ ಡ್ರೈವ್‌ಗಳಲ್ಲೂ ತಪ್ಪಿದರೆ ಕೇಬಲ್ ಅಥವಾ ಸ್ವಿಚ್ ಪೋರ್ಟ್ ನೋಡಿ. ಟೇಪ್‌ಗಳು ತಾವಾಗಿ ರೀಡ್‌ಓನ್ಲಿ ಸ್ಥಿತಿಗೆ ಜಾರುತ್ತಿರುವುದು, ಪಾತ್ ತಾನಾಗಿ ಆಫ್‌ಲೈನ್ ಆಗಿರುವುದು ಇವೆರಡನ್ನೂ ಪ್ರತಿದಿನ ಬೆಳಗ್ಗೆ ಒಮ್ಮೆ ವಿಚಾರಿಸುವ ಸಣ್ಣ ಸ್ಕ್ರಿಪ್ಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಡ್ರೈವ್ ಬದಲಿಸಿದಾಗ

ತಂತ್ರಜ್ಞರು ಡ್ರೈವ್ ತೆಗೆಯುವ ಮುನ್ನ ಅದರ ಪಾತ್ ಮತ್ತು ಡ್ರೈವನ್ನು ಸರ್ವರ್‌ನಲ್ಲಿ ಆಫ್‌ಲೈನ್ ಮಾಡಿ. ಹೊಸದು ಬಂದ ಮೇಲೆ ಅದರ ಸೀರಿಯಲ್ ಸಂಖ್ಯೆ ಮತ್ತು ಪೋರ್ಟ್ ವಿಳಾಸ ಬದಲಾಗಿದೆಯೇ ಎಂದು ಲೈಬ್ರರಿ ಪುಟದಲ್ಲಿ ನೋಡಿ. ವಿಳಾಸ ಬದಲಾಗಿದ್ದರೆ ಝೋನ್, ಸೀರಿಯಲ್ ಬದಲಾಗಿದ್ದರೆ ಯುಡೆವ್ ನಿಯಮ ತಿದ್ದಬೇಕು. ಆಮೇಲಷ್ಟೇ ಅಪ್‌ಡೇಟ್ ಡ್ರೈವ್‌ನಲ್ಲಿ ಸೀರಿಯಲ್ ಆಟೋಡಿಟೆಕ್ಟ್ ಕೊಟ್ಟು, ಅಪ್‌ಡೇಟ್ ಪಾತ್‌ನಲ್ಲಿ ಹೆಸರು ಖಚಿತಪಡಿಸಿ, ಎರಡನ್ನೂ ಆನ್‌ಲೈನ್‌ಗೆ ತಂದು, ಆ ಒಂದು ಡ್ರೈವ್‌ಗೆ ಹಂತ 9ನ್ನು ಪೂರ್ತಿಯಾಗಿ ನಡೆಸಿ, ಕೋಷ್ಟಕದ ಸಾಲನ್ನು ತಿದ್ದಿ ದಿನಾಂಕ ಹಾಕಿ.